ರೆಡ್ ವಿಂಗ್ಸ್ ಎಳೆಯರನ್ನು ಒರೆಗೆ ಹಚ್ಚುವುದು ಹೇಗೆ?

2018ರ ಜೂನ್ 22, ಡಲ್ಲಾಸ್ ನಗರ. ಐಸ್ ಹಾಕಿಯ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಡ್ರಾಫ್ಟ್ ನಡೆಯುತ್ತಿದೆ. ತಂಡಗಳು ಸರದಿಯಂತೆ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳುವ ದಿನ. ಡೆಟ್ರಾಯಿಟ್ ರೆಡ್ ವಿಂಗ್ಸ್‌ನದು ಆರನೇ ಸರದಿ. ಮೂರಕ್ಕೋ ನಾಲ್ಕಕ್ಕೋ ಹೋಗಿಬಿಡುತ್ತಾರೆ ಎಂದು ಬಹಳ ಮಂದಿ ಎಣಿಸಿದ್ದ ಚೆಕ್ ಆಟಗಾರ ಫಿಲಿಪ್ ಜಡಿನಾ ಇನ್ನೂ ಉಳಿದಿದ್ದರು. ತಂಡ ಹಿಂದೆ ಮುಂದೆ ನೋಡಲಿಲ್ಲ. ಅದರ ಬೆನ್ನಿಗೇ ಏಳನೇ ಸರದಿಯಲ್ಲಿ ವ್ಯಾಂಕೂವರ್ ಆರಿಸಿದ್ದು ಕ್ವಿನ್ ಹ್ಯೂಸ್ ಎಂಬ ಡಿಫೆನ್ಸ್ ಆಟಗಾರನನ್ನು. ಹ್ಯೂಸ್ ಆಗ ಆಡುತ್ತಿದ್ದುದು ಡೆಟ್ರಾಯಿಟ್‌ಗೆ ಹತ್ತಿರದ ಆನ್ ಆರ್ಬರ್‌ನಲ್ಲೇ, ಮಿಷಿಗನ್ ವಿಶ್ವವಿದ್ಯಾಲಯದ ತಂಡಕ್ಕೆ.

ಜಡಿನಾ ಡೆಟ್ರಾಯಿಟ್ ಪರ 190 ಪಂದ್ಯ ಆಡಿ 28 ಗೋಲು ಹೊಡೆದರು, 2023ರಲ್ಲಿ ಒಪ್ಪಂದ ರದ್ದಾಗಿ ತಂಡ ಬಿಟ್ಟರು. ಹ್ಯೂಸ್ 2024ರಲ್ಲಿ ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಗೆದ್ದರು.

ಎಳೆಯ ಆಟಗಾರರಲ್ಲಿ ಮುಂದೆ ಯಾರು ಹೆಚ್ಚು ಬೆಳೆಯುತ್ತಾರೆ ಎಂದು ಕ್ರಮವಾಗಿ ಆ ವರ್ಷ ನಾನು ಬರೆದಿಟ್ಟ ಪಟ್ಟಿಯಲ್ಲೂ ಜಡಿನಾ ಮೇಲೆ, ಹ್ಯೂಸ್ ಕೆಳಗೆ. ಆ ಹಾಳೆಯನ್ನು ಇವತ್ತಿಗೂ ಜೋಪಾನವಾಗಿ ಇಟ್ಟಿದ್ದೇನೆ. ಎಲ್ಲಿ ತಪ್ಪಿದೆ ಎಂದು ಅದನ್ನು ಮತ್ತೆ ಮತ್ತೆ ಓದುತ್ತಾ ಕಲಿತದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ನೆಚ್ಚಿನ ತಂಡ ಯಾವುದೇ ಇರಲಿ, ಕ್ರಮ ಇದೇ.

ಹೆಜ್ಜೆ 1: ಯಾರು ಪಟ್ಟಿಗೆ ಬರುತ್ತಾರೆ?

ಮೊದಲು ಬೇಲಿ ಹಾಕಿಕೊಳ್ಳಿ. ವರ್ಷದ ಅತ್ಯುತ್ತಮ ಹೊಸ ಆಟಗಾರನಿಗೆ ಕೊಡುವ ಕ್ಯಾಲ್ಡರ್ ಟ್ರೋಫಿಗೆ ಲೀಗ್‌ನದೇ ನಿಯಮವಿದೆ. ಹಿಂದಿನ ಯಾವುದೇ ಒಂದು ಋತುವಿನಲ್ಲಿ 25ಕ್ಕಿಂತ ಹೆಚ್ಚು ಎನ್‌ಎಚ್‌ಎಲ್ ಪಂದ್ಯ ಆಡಿರಬಾರದು, ಎರಡು ಋತುಗಳಲ್ಲಿ ತಲಾ ಆರು ಪಂದ್ಯ ಮುಟ್ಟಿರಬಾರದು, ಸೆಪ್ಟೆಂಬರ್ 15ಕ್ಕೆ 26 ವರ್ಷ ತುಂಬಿರಬಾರದು. ನಾನು ಪಂದ್ಯಗಳ ಲೆಕ್ಕವನ್ನು ಹಾಗೇ ಇಟ್ಟುಕೊಂಡು ವಯಸ್ಸನ್ನು 23ಕ್ಕೆ ಇಳಿಸುತ್ತೇನೆ. ನೀವು ಬೇರೆ ಗೆರೆ ಎಳೆದುಕೊಂಡರೂ ಸರಿ, ಆದರೆ ಇಷ್ಟದ ಹುಡುಗನಿಗಾಗಿ ಅದನ್ನು ನಡುವೆ ಅಳಿಸಬೇಡಿ.

ಹೆಜ್ಜೆ 2: ಹುಟ್ಟಿದ ತಾರೀಕು ಬರೆಯಿರಿ

ಹೆಸರಿನ ಪಕ್ಕದಲ್ಲಿ ಮೊದಲು ಬರಬೇಕಾದದ್ದು ಗೋಲುಗಳ ಸಂಖ್ಯೆಯಲ್ಲ, ಜನ್ಮದಿನಾಂಕ. ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಿದವರಿಗೆ ಡ್ರಾಫ್ಟ್‌ನ ಬಾಗಿಲು ತೆರೆಯುತ್ತದೆ. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡೇ ದಿನದ ಅಂತರಕ್ಕೆ ಒಂದು ವರ್ಷ ಕಾದು, ಆ ವರ್ಷ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ ದೊಡ್ಡವರ ಜೊತೆ ಆಡಿ, 2016ರಲ್ಲಿ ಮೊದಲನೆಯವರಾಗಿ ಆಯ್ಕೆಯಾದರು. ಅಂದರೆ ಒಂದೇ ಡ್ರಾಫ್ಟ್‌ನ ಇಬ್ಬರು ಹುಡುಗರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ ಇರಬಹುದು. ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಎಷ್ಟು ಎತ್ತರ, ಎಷ್ಟು ತೂಕ ಎಂಬುದು ಮನೆಯಲ್ಲಿ ಗಂಡುಮಕ್ಕಳಿರುವ ಎಲ್ಲರಿಗೂ ಗೊತ್ತು.

ವಯಸ್ಸು ಇನ್ನೊಂದು ಕಡೆಯಿಂದಲೂ ಕಣ್ಣು ಕಟ್ಟುತ್ತದೆ. ಕೆನಡಾದ ಸರ್ರೆಯಲ್ಲಿ ಬೆಳೆದ, ಪಂಜಾಬಿ ಮೂಲದ ಅರ್ಷದೀಪ್ ಬೈನ್ಸ್ 2021-22ರಲ್ಲಿ ಪಶ್ಚಿಮ ಕೆನಡಾದ ಜೂನಿಯರ್ ಲೀಗ್‌ನಲ್ಲಿ 112 ಪಾಯಿಂಟ್ ಗಳಿಸಿ ಎಲ್ಲರಿಗಿಂತ ಮುಂದಿದ್ದರು (ತಾನು ಹೊಡೆದ ಗೋಲು, ಬೇರೆಯವರ ಗೋಲಿಗೆ ನೆರವಾದ ಅಸಿಸ್ಟ್ ಎರಡನ್ನೂ ಕೂಡಿದರೆ ಪಾಯಿಂಟ್). ಆ ಋತುವಿನ ನಡುವೆ ಅವರಿಗೆ 21 ತುಂಬಿತು. ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಿರಲಿಲ್ಲ. ಹದಿನೆಂಟರ ಹುಡುಗ ಇಷ್ಟು ಪಾಯಿಂಟ್ ಗಳಿಸಿದ್ದರೆ ಮಾತೇ ಬೇರೆ. ಬೈನ್ಸ್ ಸೋಲಲಿಲ್ಲ. ವ್ಯಾಂಕೂವರ್ ಜೊತೆ ಸಹಿ ಹಾಕಿ, ಕೆಳಗಿನ ಲೀಗ್‌ನಲ್ಲಿ ಬೆವರು ಹರಿಸಿ, 2024ರಲ್ಲಿ ಎನ್‌ಎಚ್‌ಎಲ್‌ಗೆ ಕಾಲಿಟ್ಟರು. ಪಟ್ಟಿ ಮಾಡುವವರು ಮಾತ್ರ 112 ಎಂಬ ಅಂಕಿಯ ಪಕ್ಕದಲ್ಲಿ ವಯಸ್ಸನ್ನೂ ಬರೆದುಕೊಂಡೇ ತೂಗಬೇಕು.

ಹೆಜ್ಜೆ 3: ಲೀಗ್‌ಗೆ ತಕ್ಕಂತೆ ಅಂಕಿ ಇಳಿಸಿ

ಒಬ್ಬ ಕೆನಡಾದ ಜೂನಿಯರ್ ಲೀಗ್‌ನಲ್ಲಿ, ಇನ್ನೊಬ್ಬ ಅಮೆರಿಕದ ಕಾಲೇಜಿನಲ್ಲಿ, ಮತ್ತೊಬ್ಬ ಸ್ವೀಡನ್‌ನಲ್ಲಿ ಗಂಡಸರ ಜೊತೆ. ಮೂವರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಕ್ಕೆ ಒಂದು ಸರಳ ಉಪಾಯ ಬಳಕೆಯಲ್ಲಿದೆ. ಆಯಾ ಲೀಗ್‌ನಿಂದ ಎನ್‌ಎಚ್‌ಎಲ್‌ಗೆ ಹೋದವರ ಪಾಯಿಂಟ್ ಎಷ್ಟು ಪಾಲಿಗೆ ಇಳಿಯಿತು ಎಂದು ನೋಡಿ, ಆ ಲೀಗ್‌ಗೆ ಒಂದು ಗುಣಕ ಕೊಡುವುದು. ಕ್ವಿಬೆಕ್ ಜೂನಿಯರ್ ಲೀಗ್‌ಗೆ ಸುಮಾರು 0.3, ಕಾಲೇಜು ಆಟಕ್ಕೆ ಸುಮಾರು 0.4 ಎಂದು ಹಿಡಿದು ನನ್ನ ಹಳೆಯ ಹಾಳೆಯ ಇಬ್ಬರಿಗೇ ಲೆಕ್ಕ ಹಾಕೋಣ.

ಜಡಿನಾ ಆ ಋತುವಿನಲ್ಲಿ ಕ್ವಿಬೆಕ್ ಲೀಗ್‌ನ ಹ್ಯಾಲಿಫ್ಯಾಕ್ಸ್ ತಂಡಕ್ಕೆ 57 ಪಂದ್ಯಗಳಲ್ಲಿ 82 ಪಾಯಿಂಟ್ ಗಳಿಸಿದ್ದರು. ಪಂದ್ಯಕ್ಕೆ 1.44. ಅದನ್ನು 0.3ರಿಂದ, ಆಮೇಲೆ ಎನ್‌ಎಚ್‌ಎಲ್‌ನಲ್ಲಿ ಆಗ ಒಂದು ಋತುವಿಗಿದ್ದ 82 ಪಂದ್ಯಗಳಿಂದ ಗುಣಿಸಿದರೆ ಸುಮಾರು 35. ಹ್ಯೂಸ್ 37 ಪಂದ್ಯಗಳಲ್ಲಿ 29, ಅಂದರೆ ಪಂದ್ಯಕ್ಕೆ 0.78. 0.4 ಹಿಡಿದು ಅದೇ ಲೆಕ್ಕ ಹಾಕಿದರೆ ಸುಮಾರು 26. ಬರಿಗಣ್ಣಿಗೆ 82ಕ್ಕೂ 29ಕ್ಕೂ ಅಜಗಜಾಂತರ. ಇಳಿಸಿ ನೋಡಿದರೆ 35ಕ್ಕೆ 26. ಅದರಲ್ಲೂ ಹ್ಯೂಸ್ ಡಿಫೆನ್ಸ್ ಆಟಗಾರ, ಗೋಲು ಹೊಡೆಯುವುದು ಅವರ ಮುಖ್ಯ ಕೆಲಸವೇ ಅಲ್ಲ. ಇಬ್ಬರೂ ಹುಟ್ಟಿದ್ದು 1999ರ ಅಕ್ಟೋಬರ್, ನವೆಂಬರ್‌ನಲ್ಲಿ, ಹಾಗಾಗಿ ವಯಸ್ಸಿನ ನೆಪವೂ ಇಲ್ಲ. ಈ ಎರಡು ಸಾಲಿನ ಗುಣಾಕಾರ ಮಾಡಿದ್ದರೂ ನನ್ನ ಪಟ್ಟಿ ಬೇರೆಯೇ ಆಗಿರುತ್ತಿತ್ತು.

ಆದರೆ ಲೆಕ್ಕಕ್ಕೇ ಪೂರ್ತಿ ಜೋತುಬೀಳುವ ಹಾಗಿಲ್ಲ. ಮರುವರ್ಷ, 2019ರಲ್ಲಿ, ಮತ್ತೆ ಆರನೇ ಸರದಿಯಲ್ಲಿ ಡೆಟ್ರಾಯಿಟ್ ಜರ್ಮನಿಯ ಮೊರಿಟ್ಸ್ ಸೈಡರ್ ಹೆಸರು ಕರೆಯಿತು. ಸೈಡರ್ ಮುಖದಲ್ಲೇ ನಂಬಲಾಗದ ಬೆರಗು. ಮ್ಯಾನ್‌ಹೈಮ್ ತಂಡಕ್ಕೆ 29 ಪಂದ್ಯಗಳಲ್ಲಿ ಅವರು ಗಳಿಸಿದ್ದು ಆರೇ ಆರು ಪಾಯಿಂಟ್. ಆದರೆ ಆ ತಂಡ ಜರ್ಮನ್ ಚಾಂಪಿಯನ್. ಅಂಥ ತಂಡದ ತರಬೇತುದಾರರು ಶಾಲೆ ಬಿಡುವ ವಯಸ್ಸಿನ ಹುಡುಗನನ್ನು ನಂಬಿ ಅಂಕಣಕ್ಕೆ ಇಳಿಸುತ್ತಿದ್ದರು. ಅದೇ ವಸಂತದಲ್ಲಿ ಜರ್ಮನಿಯ ಹಿರಿಯರ ತಂಡದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪನ್ನೂ ಆಡಿದರು. 2021-22ರಲ್ಲಿ ಎನ್‌ಎಚ್‌ಎಲ್‌ಗೆ ಬಂದು 82 ಪಂದ್ಯಗಳಲ್ಲಿ 50 ಪಾಯಿಂಟ್ ಗಳಿಸಿ ಕ್ಯಾಲ್ಡರ್ ಟ್ರೋಫಿ ಎತ್ತಿಕೊಂಡರು. ಅಂಕಿ ಕಡಿಮೆ ಎನ್ನುವ ಮುನ್ನ, ಅವನನ್ನು ಯಾರ ಎದುರು, ಪಂದ್ಯದ ಯಾವ ಹೊತ್ತಿನಲ್ಲಿ ಇಳಿಸುತ್ತಾರೆ ಎಂದು ಕೇಳಿ.

ಹೆಜ್ಜೆ 4: ಪಕ್ ಬಿಟ್ಟು ಹುಡುಗನನ್ನು ನೋಡಿ

ನನಗೆ ಅತಿ ಹೆಚ್ಚು ಕಲಿಸಿದ ಹೆಜ್ಜೆ ಇದು. ಪಂದ್ಯ ನೋಡುವಾಗ ಕಣ್ಣು ತಾನಾಗಿಯೇ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹಿಂದೆ ಓಡುತ್ತದೆ. ಅದನ್ನು ಬಿಡಿಸಿ, ಒಬ್ಬನನ್ನೇ ಹಿಡಿಯಿರಿ. ಒಂದು ಸಲಕ್ಕೆ ಆಟಗಾರ ಮಂಜಿನ ಮೇಲಿರುವುದು ಹೆಚ್ಚುಕಡಿಮೆ ಮುಕ್ಕಾಲು ನಿಮಿಷ. ಅಷ್ಟೂ ಹೊತ್ತು ಅವನನ್ನೇ ನೋಡಿ. ಪಕ್ ಎಲ್ಲಾದರೂ ಹೋಗಲಿ.

ರೆಡ್ ವಿಂಗ್ಸ್‌ನ ಎಳೆಯರು ಪಳಗುವುದು ಗ್ರ್ಯಾಂಡ್ ರ‍್ಯಾಪಿಡ್ಸ್ ಗ್ರಿಫಿನ್ಸ್ ಎಂಬ ತಂಡದಲ್ಲಿ, ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್ ಲೀಗ್‌ನಲ್ಲಿ. ಅಲ್ಲಿನ ಒಂದು ಪಂದ್ಯದಲ್ಲಿ ಅಂಕಣದ ಸುತ್ತಲಿನ ಗಾಜಿನ ಹತ್ತಿರದ ಸೀಟು ಸಿಕ್ಕಿತ್ತು. ಪಕ್ ಮೂಲೆಗೆ ಉರುಳಿತು. ಡಿಫೆನ್ಸ್ ಹುಡುಗನೊಬ್ಬ ಅದನ್ನು ತರಲು ನಮ್ಮ ಕಡೆಗೇ ಬಂದ. ಪಕ್ ಮುಟ್ಟುವ ಮೊದಲು ಎಡ ಹೆಗಲ ಮೇಲಿಂದ ಒಮ್ಮೆ, ಬಲ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿದ. ಎದುರಾಳಿ ಬಲದಿಂದ ಬರುತ್ತಿದ್ದ. ಹುಡುಗ ಬಲಕ್ಕೆ ತಿರುಗುವವನ ಹಾಗೆ ಸೊಂಟ ಆಡಿಸಿ, ಎಡಕ್ಕೆ ತಿರುಗಿಬಿಟ್ಟ. ಎದುರಾಳಿ ಬಂದು ನಮ್ಮ ಮುಂದಿನ ಗಾಜಿಗೆ ಧಡ್ ಎಂದು ಬಡಿದಾಗ ಪಕ್ ಆಗಲೇ ಜೊತೆಗಾರನ ಸ್ಟಿಕ್ ಸೇರಿತ್ತು. ಇಷ್ಟಕ್ಕೂ ಮೂರು ಸೆಕೆಂಡು ಹಿಡಿದಿರಬಹುದು. ಗೋಲಿಲ್ಲ, ಅಸಿಸ್ಟ್ ಇಲ್ಲ, ಯಾವ ಅಂಕಿಪಟ್ಟಿಯಲ್ಲೂ ದಾಖಲಾಗಲಿಲ್ಲ. ಡಿಫೆನ್ಸ್ ಆಟಗಾರನ ಬಾಳೆಲ್ಲ ನಿಂತಿರುವುದು ಇಂಥ ಮೂರು ಸೆಕೆಂಡುಗಳ ಮೇಲೆ.

ಆವತ್ತಿನಿಂದ ಪ್ರತಿ ಹುಡುಗನ ಪಕ್ಕ ಮೂರು ಪ್ರಶ್ನೆ ಬರೆದುಕೊಳ್ಳುತ್ತೇನೆ. ಪಕ್ ಸಿಗುವ ಮುನ್ನ ತಲೆ ಎತ್ತಿ ನೋಡಿದನೇ? ನಿಂತಲ್ಲಿಂದ ಮೊದಲ ಮೂರು ಹೆಜ್ಜೆಯಲ್ಲಿ ವೇಗ ಬರುತ್ತದೆಯೇ? ಪಕ್ ಕಳೆದುಕೊಂಡ ಮರುಕ್ಷಣ ಏನು ಮಾಡುತ್ತಾನೆ? ಜಾಗ ಸಿಕ್ಕಾಗ ಬಿರುಸಾಗಿ ಹೊಡೆಯುವವರು ಜೂನಿಯರ್ ಲೀಗ್‌ಗಳಲ್ಲಿ ಬೇಕಾದಷ್ಟು ಇದ್ದಾರೆ. ಎನ್‌ಎಚ್‌ಎಲ್‌ನಲ್ಲಿ ಆ ಜಾಗವನ್ನೇ ಯಾರೂ ಕೊಡುವುದಿಲ್ಲ, ತಾನೇ ಮಾಡಿಕೊಳ್ಳಬೇಕು. ಜಡಿನಾ ಎಡವಿದ್ದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಹ್ಯೂಸ್‌ಗೆ ಬೆನ್ನಿಗೆ ಇಬ್ಬರು ಬಿದ್ದರೂ ಎರಡು ತಿರುವಿನಲ್ಲಿ ಜಾಗ ಹುಟ್ಟಿಸಿಕೊಳ್ಳುವ ಕಲೆ ಕಾಲೇಜಿನಲ್ಲೇ ಇತ್ತು.

ಯೂರೋಪಿನ ಪಂದ್ಯ ನೋಡುವಾಗ ಒಂದು ಎಚ್ಚರ. ಎನ್‌ಎಚ್‌ಎಲ್ ಅಂಕಣದ ಅಗಲ ಸುಮಾರು 26 ಮೀಟರ್. ಯೂರೋಪಿನ ಹಲವು ಅಂಕಣಗಳು ಅದಕ್ಕಿಂತ ಅಗಲ. ಅಲ್ಲಿ ಆರಾಮಾಗಿ ಆಡುವವನಿಗೆ ಇಲ್ಲಿ ಉಸಿರು ಕಟ್ಟಬಹುದು.

ಹೆಜ್ಜೆ 5: ಗೋಲಿಯನ್ನು ಬೇರೆ ಹಾಳೆಗೆ ಹಾಕಿ

ಗೋಲಿಗಳು, ಅಂದರೆ ಗೋಲು ಕಾಯುವವರು, ನಿಧಾನಕ್ಕೆ ಮಾಗುತ್ತಾರೆ. 2025ರಲ್ಲಿ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಎನಿಸಿಕೊಂಡ ಕಾನರ್ ಹೆಲ್ಲೆಬಕ್ 2012ರ ಡ್ರಾಫ್ಟ್‌ನಲ್ಲಿ 130ನೆಯವರು. ಹೆನ್ರಿಕ್ ಲುಂಡ್‌ಕ್ವಿಸ್ಟ್ 2000ದಲ್ಲಿ 205ನೆಯವರು. ಅದೇ 2000ದಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದದ್ದೂ ಒಬ್ಬ ಗೋಲಿಯೇ, ರಿಕ್ ಡಿಪಿಯೆಟ್ರೊ. ಗಾಯಗಳು ಅವರ ಆಟವನ್ನು ನುಂಗಿಬಿಟ್ಟವು.

ಡೆಟ್ರಾಯಿಟ್ 2021ರಲ್ಲಿ ಡಲ್ಲಾಸ್ ಜೊತೆ ಸರದಿ ಬದಲಿಸಿಕೊಂಡು, 15ನೇ ಆಯ್ಕೆಯಲ್ಲಿ ಆರೂವರೆ ಅಡಿ ಎತ್ತರದ ಗೋಲಿ ಸೆಬಾಸ್ಟಿಯನ್ ಕೋಸಾರನ್ನು ತಂದಿತು. 23ಕ್ಕೆ ಇಳಿದ ಡಲ್ಲಾಸ್ ಆರಿಸಿದ ವ್ಯಾಟ್ ಜಾನ್‌ಸ್ಟನ್ 2022-23ರಲ್ಲೇ ಎನ್‌ಎಚ್‌ಎಲ್‌ನಲ್ಲಿ 24 ಗೋಲು ಹೊಡೆದರು. ಆ ಋತುವಿನಲ್ಲಿ ಕೋಸಾ ಇನ್ನೂ ಎರಡು ಮೆಟ್ಟಿಲು ಕೆಳಗೆ, ಟೊಲೀಡೊದಲ್ಲಿ ಪಳಗುತ್ತಿದ್ದರು. ಅವರ ಮೊದಲ ಎನ್‌ಎಚ್‌ಎಲ್ ಪಂದ್ಯ 2024ರ ಡಿಸೆಂಬರ್‌ನಲ್ಲಿ. ಇಷ್ಟಕ್ಕೇ ಆ ಆಯ್ಕೆ ತಪ್ಪು ಎಂದು ತೀರ್ಪು ಕೊಡುವುದು ಅವಸರವಾಗುತ್ತದೆ. ಮುಂದೆ ನುಗ್ಗಿ ಗೋಲು ಹೊಡೆಯುವ ಫಾರ್ವರ್ಡ್ ಜೊತೆ ಗೋಲಿಯನ್ನು ಒಂದೇ ಪಟ್ಟಿಯಲ್ಲಿ ಕೂರಿಸಿದರೆ ಪ್ರತಿ ವರ್ಷವೂ ಹೀಗೆ ಅನ್ಯಾಯ ಮಾಡುತ್ತಲೇ ಇರುತ್ತೇವೆ. ನಾನು ಗೋಲಿಗಳನ್ನು ಬೇರೆಯಾಗಿ ತೂಗಿ, ಕೊನೆಗಷ್ಟೇ ದೊಡ್ಡ ಪಟ್ಟಿಗೆ ಸೇರಿಸುತ್ತೇನೆ.

ಹೆಜ್ಜೆ 6: ಮೊದಲು ಗುಂಪು, ಆಮೇಲೆ ಕ್ರಮಾಂಕ

ನೇರವಾಗಿ 1, 2, 3 ಎಂದು ಬರೆಯಬೇಡಿ. ಒಂದು ಪಂದ್ಯಕ್ಕೆ ಇಳಿಯುವವರು 12 ಫಾರ್ವರ್ಡ್‌ಗಳು (ಮೂವರಂತೆ ನಾಲ್ಕು ಸಾಲು), 6 ಡಿಫೆನ್ಸ್ ಆಟಗಾರರು, 2 ಗೋಲಿಗಳು. ಈ 20 ಜಾಗಗಳಲ್ಲಿ ಹುಡುಗ ಎಲ್ಲಿ ಕೂರುತ್ತಾನೆ? ಪ್ರತಿಯೊಬ್ಬನಿಗೂ ಎರಡು ಉತ್ತರ ಬರೆಯಿರಿ: ಎಲ್ಲ ಕೈಗೂಡಿದರೆ ಎಲ್ಲಿ, ಸಾಧಾರಣವಾಗಿ ನಡೆದರೆ ಎಲ್ಲಿ. ಮೊದಲ ಸಾಲಿನ ಫಾರ್ವರ್ಡ್ ಆಗಬಲ್ಲ, ಆಗದಿದ್ದರೆ ಏನೂ ಆಗಲಾರ ಎಂಬ ಹುಡುಗನೂ, ಮೂರನೇ ಸಾಲಿಗೆ ಖಂಡಿತ ಎಂಬ ಹುಡುಗನೂ ಆಗ ಬೇರೆ ಬೇರೆಯಾಗಿ ಕಾಣುತ್ತಾರೆ. ಉತ್ತರಗಳು ಹೊಂದುವವರನ್ನು ಒಂದು ಗುಂಪು ಮಾಡಿ. ಗುಂಪಿನ ಒಳಗೆ ಯಾರು ಮೇಲು ಎಂದು ಬಗೆಹರಿಯದಿದ್ದರೆ, ಇವನನ್ನು ಕೊಟ್ಟು ಅವನನ್ನು ತರುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮನಸ್ಸು ತಕ್ಷಣ ಒಂದು ಕಡೆ ವಾಲುತ್ತದೆ.

ಡ್ರಾಫ್ಟ್‌ನ ಕೊನೆಯ ಸುತ್ತುಗಳಲ್ಲಿ ಆಯ್ಕೆಯಾದ ಹುಡುಗರ ವಿಷಯದಲ್ಲಿ ಡೆಟ್ರಾಯಿಟ್ ಅಭಿಮಾನಿಗಳಿಗೆ ಒಂದು ವಿಶೇಷ ದೌರ್ಬಲ್ಯವಿದೆ. ಪಾವೆಲ್ ಡಾಟ್ಸ್ಯೂಕ್ 1998ರಲ್ಲಿ 171ನೆಯವರು, ಹೆನ್ರಿಕ್ ಜೆಟರ್‌ಬರ್ಗ್ 1999ರಲ್ಲಿ 210ನೆಯವರು. ಇಬ್ಬರೂ 2008ರಲ್ಲಿ ಲೀಗ್‌ನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದ ಡೆಟ್ರಾಯಿಟ್ ತಂಡದ ಜೀವನಾಡಿ. ಆ ನೆನಪಿನ ಸಿಹಿಯಲ್ಲಿ ಏಳನೇ ಸುತ್ತಿನ ಪ್ರತಿ ಹುಡುಗನಲ್ಲೂ ಡಾಟ್ಸ್ಯೂಕ್ ಕಾಣುತ್ತಾರೆ. ಅಂಥ ಸುತ್ತುಗಳಲ್ಲಿ ಆಯ್ಕೆಯಾದ ಹೆಚ್ಚಿನವರು ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಮರೆಯಾಗುತ್ತಾರೆ. ಅವರಿಗೆ ಪಟ್ಟಿಯ ಕೊನೆಯಲ್ಲಿ ಜಾಗ ಕೊಡಿ, ಆದರೆ ಕಣ್ಣು ಮಾತ್ರ ತೆಗೆಯಬೇಡಿ. 2023ರಲ್ಲಿ 201ನೆಯವರಾಗಿ ಬಂದ ಎಮಿಟ್ ಫಿನ್ನಿ 2025ರ ಅಕ್ಟೋಬರ್‌ನಲ್ಲಿ ಋತುವಿನ ಮೊದಲ ಪಂದ್ಯಕ್ಕೇ ರೆಡ್ ವಿಂಗ್ಸ್ ಜೆರ್ಸಿ ತೊಟ್ಟಿದ್ದರು.

ಹೆಜ್ಜೆ 7: ತಾರೀಕು ಹಾಕಿ ಎತ್ತಿಡಿ

ವರ್ಷಕ್ಕೆ ನಾಲ್ಕು ಸಲ ಪಟ್ಟಿ ತಿದ್ದಿದರೆ ಸಾಕು: ಡ್ರಾಫ್ಟ್ ಮುಗಿದ ಮೇಲೆ, ಸೆಪ್ಟೆಂಬರ್ ಶಿಬಿರಗಳ ಹೊತ್ತಿಗೆ, ಡಿಸೆಂಬರ್ 26ಕ್ಕೆ ಶುರುವಾಗುವ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್ ಕಳೆದ ಮೇಲೆ, ಮತ್ತೆ ಋತುವಿನ ಕೊನೆಗೆ. ಆ ಜೂನಿಯರ್ ಟೂರ್ನಿಯ ಏಳೇ ಪಂದ್ಯ ನೋಡಿ ಹುಡುಗನನ್ನು ಹತ್ತು ಸ್ಥಾನ ಮೇಲೆತ್ತುವ ಆಸೆ ಬರುತ್ತದೆ. ನಾನು ಎರಡು ಸ್ಥಾನಕ್ಕಿಂತ ಹೆಚ್ಚು ಎತ್ತುವುದಿಲ್ಲ.

ಪ್ರತಿ ಹೆಸರಿನ ಮುಂದೆ ಒಂದೇ ವಾಕ್ಯದಲ್ಲಿ ಕಾರಣ ಬರೆಯಿರಿ. ಕಾರಣವಿಲ್ಲದ ಕ್ರಮಾಂಕವನ್ನು ಮೂರು ವರ್ಷದ ಮೇಲೆ ಓದಿದರೆ ಎಲ್ಲಿ ತಪ್ಪಿದೆ ಎಂದು ತಿಳಿಯುವುದೇ ಇಲ್ಲ. 2018ರ ನನ್ನ ಹಾಳೆಯಲ್ಲಿ ಜಡಿನಾ ಹೆಸರಿನ ಮುಂದೆ ‘ಹೊಡೆತ ಬಿರುಸು’ ಎಂದಿದೆ. ಹ್ಯೂಸ್ ಹೆಸರಿನ ಮುಂದೆ ಇರುವುದು ‘ಕುಳ್ಳ’ ಎಂಬ ಒಂದೇ ಪದ. ಈಗ ಪ್ರತಿ ಸಲ ಹೊಸ ಪಟ್ಟಿಗೆ ಕೂರುವಾಗ ಆ ಹಾಳೆಯನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ.