ಔಷಧ ಕೆಲಸ ಮಾಡಿತು ಅಂದುಕೊಂಡೆವು, ಇಲಿಗೆ ಚಳಿಯಾಗಿತ್ತು

ಇಲಿಗಳಲ್ಲಿ ಬೆಳೆಸಿದ ಕ್ಯಾನ್ಸರ್ ಗಡ್ಡೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುವುದು ನನ್ನ ಕೆಲಸ. ಆಕ್ಸಿಜನ್ ಇಲ್ಲದ ಕ್ಯಾನ್ಸರ್ ಕೋಶ ಬಲು ಗಟ್ಟಿ. ಅದನ್ನು ಕೊಲ್ಲಲು ರೇಡಿಯೇಶನ್ ಎರಡೂವರೆಯಿಂದ ಮೂರು ಪಟ್ಟು ಜಾಸ್ತಿ ಬೇಕಾಗುತ್ತದೆ. ಹಾಗಾಗಿ ಗಡ್ಡೆಗೆ ಆಕ್ಸಿಜನ್ ಹೆಚ್ಚಿಸುವ ಔಷಧ ಸಿಕ್ಕಿದರೆ ಹಬ್ಬವೇ.

ನಾನು ಬಳಸುವುದು ಫೋಟೋಅಕೌಸ್ಟಿಕ್ ಸ್ಕ್ಯಾನರ್. ಲೇಸರ್ ಬೆಳಕು ಬಿದ್ದಾಗ ರಕ್ತದ ಹಿಮೋಗ್ಲೋಬಿನ್ ಚೂರೇ ಚೂರು ಬಿಸಿಯಾಗಿ ಹಿಗ್ಗುತ್ತದೆ. ಆ ಹಿಗ್ಗಿನ ಸದ್ದನ್ನು ಅಲ್ಟ್ರಾಸೌಂಡ್ ಪ್ರೋಬ್ ಕೇಳಿಸಿಕೊಳ್ಳುತ್ತದೆ. ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ 750 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಜಾಸ್ತಿ ಹೀರುತ್ತದೆ, ಆಕ್ಸಿಜನ್ ಹೊತ್ತಿರುವುದು 850ರದ್ದನ್ನು. ಎರಡನ್ನೂ ಹೋಲಿಸಿ ಸ್ಯಾಚುರೇಶನ್, ಅಂದರೆ ಎಷ್ಟು ಪಾಲು ಹಿಮೋಗ್ಲೋಬಿನ್ ಆಕ್ಸಿಜನ್ ಹೊತ್ತಿದೆ ಅಂತ ಲೆಕ್ಕ ಹಾಕುತ್ತೇವೆ.

ಆ ಸಲ ಔಷಧ ಕೊಟ್ಟ ಇಲಿಗಳಲ್ಲಿ ಸ್ಯಾಚುರೇಶನ್ ಚೆನ್ನಾಗಿ ಏರಿತ್ತು. ಎಲ್ಲರಿಗೂ ಖುಷಿ. ಆಮೇಲೆ ಒಂದು ಸಂಜೆ ಸುಮ್ನೆ ಹಾಳೆ ತಿರುವಿ ಹಾಕುತ್ತಾ ಕೂತಿದ್ದೆ. ಮೂಲೆಯಲ್ಲಿ ಗೀಚಿದ್ದ ಗುದನಾಳದ ಉಷ್ಣತೆ ಕಣ್ಣಿಗೆ ಬಿತ್ತು. ಔಷಧ ಕೊಡದ ಇಲಿಗಳೆಲ್ಲ 36ರ ಮೇಲೆ. ಔಷಧ ಕೊಟ್ಟವು 33ರ ಆಸುಪಾಸು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಔಷಧದ ಇಲಿಗಳಿಗೆ ಬಾಲದ ರಕ್ತನಾಳಕ್ಕೆ ಕ್ಯಾತಿಟರ್ (ಔಷಧ ಹರಿಸುವ ತೆಳು ಕೊಳವೆ) ಹಾಕಬೇಕು. ಅದಕ್ಕೆ ಹದಿನೈದು ನಿಮಿಷ. ಅಷ್ಟೂ ಹೊತ್ತು ಅವು ಐಸೋಫ್ಲುರೇನ್ ಅರಿವಳಿಕೆಯಲ್ಲಿ, ಬಿಸಿ ಇಲ್ಲದ ಮೇಜಿನ ಮೇಲೆ. ಇಪ್ಪತ್ತು ಗ್ರಾಂ ತೂಗುವ ಜೀವ ಅದು. ತೂಕಕ್ಕೆ ಹೋಲಿಸಿದರೆ ಚರ್ಮ ಬಹಳ, ಹಾಗಾಗಿ ಶಾಖ ಸೋರಿ ಹೋಗುತ್ತದೆ. ಅರಿವಳಿಕೆಯಲ್ಲಿ ನಡುಗಿ ಮೈ ಬಿಸಿ ಮಾಡಿಕೊಳ್ಳಲೂ ಆಗದು. ಅದರ ಮೇಲೆ ನಾವು ಕ್ರೀಮ್ ಹಚ್ಚಿ ಕೂದಲು ತೆಗೆಯುತ್ತೇವೆ, ಒದ್ದೆ ಹತ್ತಿಯಿಂದ ಒರೆಸುತ್ತೇವೆ. ಸ್ವೆಟರ್ ಬಿಚ್ಚಿಸಿ, ನೀರೆರಚಿ, ಎಸಿ ರೂಮಿನಲ್ಲಿ ಮಲಗಿಸಿದ ಹಾಗೆ. ಸ್ಕ್ಯಾನರ್‌ನ ಬಿಸಿ ಹಾಸಿಗೆಗೆ ಬರುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ.

ನನಗೆ ಮೊದಲು ಅನುಮಾನ ಬಂದದ್ದು ಯಂತ್ರದ ಮೇಲೆ. ಅಂಗಾಂಶ ಬೆಚ್ಚಗಿದ್ದಷ್ಟೂ ಫೋಟೋಅಕೌಸ್ಟಿಕ್ ಸದ್ದು ದೊಡ್ಡದು, ಅದು ನಿಜ. ಆದರೆ ಎರಡೂ ಬೆಳಕಿನ ಸದ್ದು ಒಂದೇ ಪ್ರಮಾಣದಲ್ಲಿ ಬದಲಾಗುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಆ ವ್ಯತ್ಯಾಸ ಹೆಚ್ಚುಕಡಿಮೆ ಕಳೆದುಹೋಗುತ್ತದೆ. ಅಂದರೆ ಯಂತ್ರದ ತಪ್ಪಲ್ಲ, ರಕ್ತವೇ ಬದಲಾಗಿತ್ತು.

ತಣ್ಣಗಿನ ಹಿಮೋಗ್ಲೋಬಿನ್ ಜಿಪುಣ. ಆಕ್ಸಿಜನ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮನುಷ್ಯರ ರಕ್ತದಲ್ಲಿ 37 ಡಿಗ್ರಿಗೆ ಅರ್ಧ ಸ್ಯಾಚುರೇಶನ್ ಇರುವುದು ಆಕ್ಸಿಜನ್ ಒತ್ತಡ ಸುಮಾರು 27 ಮಿ.ಮೀ. ಪಾದರಸದಷ್ಟಿದ್ದಾಗ. 33 ಡಿಗ್ರಿಗೆ ಅದು 21–22ಕ್ಕೆ ಇಳಿಯುತ್ತದೆ, ಅಂದರೆ ಸುತ್ತ ಆಕ್ಸಿಜನ್ ಇನ್ನೂ ಕಡಿಮೆಯಾದ ಮೇಲೆಯೇ ಅರ್ಧ ಬಿಟ್ಟುಕೊಡುತ್ತದೆ. ಇಲಿಯ ಅಂಕಿ ಬೇರೆ, ದಿಕ್ಕು ಅದೇ. ಜೊತೆಗೆ ತಣ್ಣಗಿನ ಕೋಶ ಆಕ್ಸಿಜನ್ ಕಡಿಮೆ ಬಳಸುತ್ತದೆ. ಎರಡೂ ಸೇರಿ ಸ್ಯಾಚುರೇಶನ್ ಏರಬಹುದು, ಆದರೆ ಗಡ್ಡೆಯ ಕೋಶಗಳಿಗೆ ಹೆಚ್ಚು ಆಕ್ಸಿಜನ್ ಸಿಕ್ಕಿದೆ ಅಂತ ಅರ್ಥ ಅಲ್ಲ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗುವುದೂ ಉಂಟು. ಆಗ ರಕ್ತದ ಹರಿವು ಇಳಿದು ಅಂಕಿ ಕೆಳಗೂ ಹೋಗಬಹುದು. ಯಾವ ಎಳೆತ ಗೆಲ್ಲುತ್ತದೆ ಎಂಬುದು ಗಡ್ಡೆಯಿಂದ ಗಡ್ಡೆಗೆ ಬೇರೆ. ಆದ್ದರಿಂದ ಒಂದು ಸೂತ್ರ ಹಾಕಿ ಸರಿಪಡಿಸಿಬಿಡೋಣ ಅನ್ನುವವರನ್ನು ನಾನು ನಂಬುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಔಷಧವೇ ಇಲ್ಲದೆ ಸ್ಕ್ಯಾನ್ ಮಾಡಿದೆ. ಅದೇ ಇಲಿ, ಅದೇ ಗಡ್ಡೆ. 33ರಲ್ಲಿ ಶುರು ಮಾಡಿ ನಿಧಾನಕ್ಕೆ 37ಕ್ಕೆ ಏರಿಸಿದೆ. ಸ್ಯಾಚುರೇಶನ್ ಇಳಿಯಿತು. ಅರಿವಳಿಕೆಯ ಹೊತ್ತು ಹೆಚ್ಚಾಗಿದ್ದಕ್ಕೇ ಹಾಗಾಯಿತೇನೋ ಎಂದು ಇನ್ನು ಕೆಲವನ್ನು 37ರಿಂದ ಕೆಳಗಿಳಿಸಿದೆ. ಸ್ಯಾಚುರೇಶನ್ ಏರಿತು. ಅಲ್ಲಿಗೆ ನಮ್ಮ ಔಷಧದ ಕಥೆ ಮುಗಿಯಿತು ಅಂತ ಗೊತ್ತಾಯಿತು.

ಆಮೇಲೆ ಪದ್ಧತಿ ಬದಲಿಸಿದೆ. ಗೂಡನ್ನೇ ಮೊದಲು ಬೆಚ್ಚಗೆ ಮಾಡುತ್ತೇನೆ. ಇದರಿಂದ ಬಾಲದ ರಕ್ತನಾಳ ಉಬ್ಬುತ್ತದೆ, ಸೂಜಿಯೂ ಬೇಗ ಹೋಗುತ್ತದೆ. ಕೂದಲು ಹಿಂದಿನ ದಿನವೇ ತೆಗೆಯುತ್ತೇನೆ. ಔಷಧ ಇರಲಿ ಬಿಡಲಿ, ಎಲ್ಲ ಇಲಿಗೂ ಕ್ಯಾತಿಟರ್, ಎಲ್ಲಕ್ಕೂ ಅಷ್ಟೇ ಹೊತ್ತು. ಮೈ 36.5 ದಾಟಿ ಹತ್ತು ನಿಮಿಷ ನಿಂತ ಮೇಲೆಯೇ ಸ್ಕ್ಯಾನ್. ಬಿಸಿ ದೀಪ ಇಡುವುದು ಬಿಟ್ಟೆ, ನೋಡ್ತಾ ನೋಡ್ತಾ 39ಕ್ಕೆ ಹೋಗಿಬಿಡುತ್ತಿತ್ತು.

ಇಷ್ಟಾದರೂ ಒಂದು ಉಳಿದಿತ್ತು. ಗಡ್ಡೆ ಪಕ್ಕೆಯ ಚರ್ಮದಡಿ ಇರುತ್ತದೆ, ಗುದನಾಳದಲ್ಲಲ್ಲ. ಕೂದಲೆಳೆಯಷ್ಟು ತೆಳು ತಂತಿಯ ಥರ್ಮೋಕಪಲ್ (ಉಷ್ಣತೆ ಅಳೆಯುವ ಸಾಧನ) ಒಂದನ್ನು ಪ್ರೋಬ್ ಮತ್ತು ಚರ್ಮದ ನಡುವೆ ಹಚ್ಚುವ ಜೆಲ್ ಕೆಳಗೆ, ಗಡ್ಡೆಗೆ ತಾಗಿಸಿ ಇಟ್ಟೆ. ಒಳಗೆ 37 ತೋರಿಸುತ್ತಿತ್ತು, ಗಡ್ಡೆಯ ಮೇಲೆ 31. ಅಲ್ಟ್ರಾಸೌಂಡ್ ಜೆಲ್ ಎಸಿ ಗಾಳಿಯಲ್ಲಿ ಕೂತು ತಣ್ಣಗಾಗಿತ್ತು, ಅದನ್ನೇ ನಾನು ದಪ್ಪಗೆ ಸುರಿದಿದ್ದೆ! ಈಗ ಜೆಲ್ ಬಾಟಲಿ ಬೆಳಿಗ್ಗೆಯಿಂದಲೇ 37 ಡಿಗ್ರಿ ನೀರಿನಲ್ಲಿ ಮುಳುಗಿ ಕೂತಿರುತ್ತದೆ.