ಟೇಬಲ್ 3ರ ಈ ಸಂಖ್ಯೆ ಎಲ್ಲಿಂದ ಬಂತು?

ಸಂಶೋಧನಾ ಪೇಪರನ್ನು ಜರ್ನಲ್‌ಗೆ ಕಳಿಸಿ ತಿಂಗಳುಗಳೇ ಕಳೆದಿರುತ್ತವೆ. ಒಂದು ದಿನ ರಿವ್ಯೂಯರ್ ಕೇಳುತ್ತಾರೆ: ಟೇಬಲ್ 3ರ ಸರಾಸರಿ ಇಳುವರಿ ಹೇಗೆ ಬಂತು? ಆಗ ಹುಡುಕಾಟ ಶುರು. 'ಫೈನಲ್', 'ಫೈನಲ್ 2', 'ಸರ್ ಕರೆಕ್ಷನ್ ಫೈನಲ್' ಅಂತ ಎಕ್ಸೆಲ್ ಫೈಲುಗಳು. ಅರ್ಧ ಪೆನ್‌ಡ್ರೈವ್‌ನಲ್ಲಿ, ಅರ್ಧ ವಾಟ್ಸಾಪ್‌ನಲ್ಲಿ. ಮೈಸೂರಿನಲ್ಲಿ ಪಿಎಚ್‌.ಡಿ. ಮಕ್ಕಳ ಅಂಕಿಅಂಶ ನೋಡಿಕೊಡುವ ನನಗೆ ಇದು ಮಾಮೂಲಿ. ಮೊದಲ ದಿನದಿಂದಲೇ ಹೀಗೆ ಮಾಡಿದರೆ ಈ ಪಾಡು ಇರುವುದಿಲ್ಲ.

1. ಫೋಲ್ಡರ್. ಒಂದು ಪೇಪರ್‌ಗೆ ಒಂದೇ ಫೋಲ್ಡರ್. ಒಳಗೆ ರಾ ಡೇಟಾ, ಕ್ಲೀನ್ ಡೇಟಾ, ಕೋಡ್, ಔಟ್‌ಪುಟ್, ಬರಹ. ಫೈಲ್ ಹೆಸರಿನಲ್ಲಿ ಸ್ಪೇಸ್ ಬೇಡ. ತಾರೀಖು ಹಾಕುವುದಿದ್ದರೆ 2024-06-05 ಅಂತ ವರ್ಷ ಮೊದಲು ಬರಲಿ, ಫೈಲುಗಳು ತಾವೇ ಸಾಲಾಗಿ ನಿಲ್ಲುತ್ತವೆ.

2. ರಾ ಡೇಟಾ. ಹೊಲದಿಂದ, ಲ್ಯಾಬಿನಿಂದ ಬಂದದ್ದು ಬಂದ ಹಾಗೇ ಇರಲಿ. ಫೈಲನ್ನು ರೀಡ್-ಓನ್ಲಿ ಮಾಡಿಬಿಡಿ. ತಪ್ಪು ಕಂಡರೂ ಅಲ್ಲಿ ತಿದ್ದಬೇಡಿ.

3. ಕ್ಲೀನಿಂಗ್. ಎಲ್ಲರೂ ಎಡವುವುದು ಇಲ್ಲೇ. 'ಎರಡು ಸೆಲ್ ತಾನೇ, ಕೈಯಲ್ಲೇ ಸರಿ ಮಾಡಿದೆ' ಅನ್ನುತ್ತಾರೆ. ಆ ಎರಡು ಸೆಲ್ ಯಾವುವು ಅಂತ ಮುಂದಿನ ವರ್ಷ ಅವರಿಗೇ ನೆನಪಿರುವುದಿಲ್ಲ. ಪ್ರತಿ ತಿದ್ದುಪಡಿಯೂ ಕೋಡ್‌ನ ಒಂದು ಸಾಲಾಗಿರಬೇಕು, ಪಕ್ಕದಲ್ಲಿ ಯಾಕೆ ಅಂತ ಒಂದು ಮಾತು ಬರೆದಿರಬೇಕು.

ಮಂಡ್ಯ ಕಡೆಯ ಭತ್ತದ ಸರ್ವೆಯನ್ನೇ ತೆಗೆದುಕೊಳ್ಳಿ. ರೈತರು 'ಒಂದು ಎಕರೆ ಇಪ್ಪತ್ತು ಗುಂಟೆ' ಅನ್ನುತ್ತಾರೆ. ಹುಡುಗರು 1.20 ಅಂತ ಟೈಪ್ ಮಾಡುತ್ತಾರೆ. ಎಕ್ಸೆಲ್ ಸೊನ್ನೆ ನುಂಗಿ 1.2 ಮಾಡುತ್ತದೆ. ಎಕರೆಗೆ 40 ಗುಂಟೆ, ಅಂದರೆ ಅದು 1.5 ಆಗಬೇಕಿತ್ತು. 36 ಕ್ವಿಂಟಲ್ ಭತ್ತ ಬಂದಿದ್ದರೆ ಎಕರೆಗೆ 24 ಬೀಳಬೇಕಾದ ಕಡೆ 30 ಬೀಳುತ್ತದೆ. 30 ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಅದೇ ಅಪಾಯ. 1-10 ಅಂತ ಹಾಕಿದರೆ ಇನ್ನೂ ಚೆನ್ನ, ಅದು ತಾರೀಖಾಗಿಬಿಡುತ್ತದೆ! ಹಾಗಾಗಿ ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ. ಗುಂಟೆಯನ್ನು 40ರಿಂದ ಭಾಗಿಸಿ ಕೂಡಿಸುವ ಕೆಲಸ ಕೋಡ್ ಮಾಡಲಿ.

ನಾಟಿ ತಾರೀಖು ಮತ್ತೊಂದು ಗೋಳು. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ನೀವು ಟೈಪ್ ಮಾಡಿದ 05/07/2023 ಮೇ 7 ಆಗುತ್ತದೆ. 15/07/2023 ಮಾತ್ರ ತಾರೀಖೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಒಂದೇ ಕಾಲಂನಲ್ಲಿ ಎರಡು ಜಾತಿ. ಎಕ್ಸೆಲ್‌ನ ಈ ಚಾಳಿಗೆ ಸೋತು, ತಾರೀಖಿನ ಹಾಗೆ ಕಾಣುತ್ತಿದ್ದ ಕೆಲವು ಮಾನವ ಜೀನ್‌ಗಳ ಹೆಸರನ್ನೇ ಬದಲಿಸಿದರು. ಅದಕ್ಕೆ 2020ರಲ್ಲಿ ಹೊಸ ನಿಯಮವೇ ಬಂತು. ನಮಗೆ ಅಷ್ಟು ದೂರ ಬೇಡ, ಆ ಕಾಲಂಗೆ ಮೊದಲೇ ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಕೊಟ್ಟು ವರ್ಷ-ತಿಂಗಳು-ದಿನ ಬರೆದರೆ ಸಾಕು.

ಕೊನೆಗೆ ತಾಲ್ಲೂಕುವಾರು ಎಣಿಕೆ ತೆಗೆಯಿರಿ. ಮದ್ದೂರು ಎರಡು ಸಲ ಬಂದರೆ, ಒಂದರ ಹಿಂದೆ ಸ್ಪೇಸ್ ಅಂಟಿಕೊಂಡಿದೆ ಅಂತಲೇ ಅರ್ಥ.

4. ಕೋಡ್. ಫೈಲುಗಳಿಗೆ 01, 02, 03 ಅಂತ ಹೆಸರಿಡಿ. ಎಲ್ಲವನ್ನೂ ಸಾಲಾಗಿ ಓಡಿಸುವ ಒಂದು ಫೈಲ್ ಮೇಲಿರಲಿ. ಸಿ ಡ್ರೈವ್‌ನಿಂದ ಶುರುವಾಗುವ ಉದ್ದ ವಿಳಾಸ ಕೋಡ್‌ನಲ್ಲಿ ಬೇಡವೇ ಬೇಡ, ಅದು ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ಓಡದು. ಫೈಲಿನ ವಿಳಾಸವನ್ನು ಪ್ರಾಜೆಕ್ಟ್ ಫೋಲ್ಡರ್‌ನಿಂದ ಲೆಕ್ಕ ಹಿಡಿಯಿರಿ. ರ‍್ಯಾಂಡಮ್ ಸ್ಯಾಂಪಲ್ ತೆಗೆಯುವ ಮುಂಚೆ ಸೀಡ್ ಕೊಡಿ, ಅಂದರೆ ಪ್ರತಿ ಸಲ ಅದೇ ಸ್ಯಾಂಪಲ್ ಬರುವ ಹಾಗೆ ಮಾಡುವ ಒಂದು ಸಂಖ್ಯೆ. ಅದೂ ಸಾಲದು, ಸಾಫ್ಟ್‌ವೇರ್‌ನ ಆವೃತ್ತಿಯನ್ನೂ ಬರೆದಿಡಿ. ಆರ್ (R) ಎಂಬ ಅಂಕಿಅಂಶದ ಸಾಫ್ಟ್‌ವೇರ್ ಸ್ಯಾಂಪಲ್ ತೆಗೆಯುವ ರೀತಿಯೇ 2019ರ 3.6.0 ಆವೃತ್ತಿಯಲ್ಲಿ ಬದಲಾಯಿತು. ಅದಕ್ಕೂ ಹಳೆಯದರಲ್ಲಿ ಅದೇ ಸೀಡ್ ಕೊಟ್ಟರೂ ಬೇರೆ ಸ್ಯಾಂಪಲ್ ಬರುತ್ತದೆ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬೇಡ. ಕಾನೂನಿನ ಮಾತು ಒಂದು ಕಡೆಗಿರಲಿ, ನಿಮ್ಮ ಲೆಕ್ಕವನ್ನು ಮತ್ತೆ ಮಾಡಿ ನೋಡಬೇಕೆಂದವರು ಅದನ್ನು ಎಲ್ಲಿಂದ ತರಬೇಕು? ಆರ್, ಪೈಥಾನ್ ಎರಡೂ ಪುಕ್ಕಟೆ ಸಿಗುತ್ತವೆ.

5. ಗಿಟ್. ಯಾವ ಫೈಲಿನಲ್ಲಿ ಯಾವಾಗ ಏನು ಬದಲಾಯಿತು ಅಂತ ದಾಖಲಿಸಿಡುವ ಸಾಫ್ಟ್‌ವೇರ್ ಇದು. ಒಂದು ಮಧ್ಯಾಹ್ನ ಕೂತರೆ ಬೇಕಾದಷ್ಟು ಬರುತ್ತದೆ. ಗಿಟ್ ಫೋಲ್ಡರ್‌ಗಳನ್ನು ಆನ್‌ಲೈನ್‌ನಲ್ಲಿ ಇಡುವ ಜಾಲತಾಣ ಗಿಟ್‌ಹಬ್, 100 ಎಂಬಿ ದಾಟಿದ ಫೈಲನ್ನು ಒಳಗೆ ಬಿಡುವುದಿಲ್ಲ. ಡ್ರೋನ್ ಚಿತ್ರಗಳನ್ನೆಲ್ಲ ಅಲ್ಲಿ ತುಂಬಲು ಹೋಗಬೇಡಿ. ಗೂಗಲ್ ಡ್ರೈವ್ ಸಿಂಕ್ ಆಗುವ ಫೋಲ್ಡರ್‌ನೊಳಗೆ ಗಿಟ್ ಇಡುವ ಶಾರ್ಟ್‌ಕಟ್ ಕೂಡ ಬೇಡ. ಎರಡೂ ಒಂದೇ ಫೈಲಿಗೆ ಜಗ್ಗಾಡುತ್ತವೆ.

6. ಪರೀಕ್ಷೆ. ಕ್ಲೀನ್ ಡೇಟಾ, ಔಟ್‌ಪುಟ್ ಎರಡೂ ಫೋಲ್ಡರ್ ಖಾಲಿ ಮಾಡಿ, ಉಳಿದದ್ದನ್ನು ಸ್ನೇಹಿತರ ಲ್ಯಾಪ್‌ಟಾಪ್‌ಗೆ ಹಾಕಿ. ರೀಡ್‌ಮಿ (ಯಾವುದನ್ನು ಹೇಗೆ ಓಡಿಸಬೇಕು ಅಂತ ನೀವು ಬರೆದಿಟ್ಟ ಫೈಲ್) ಓದಿಕೊಂಡು ಅವರೇ ಓಡಿಸಲಿ. ನೀವು ಪಕ್ಕದಲ್ಲಿ ಸುಮ್ನೆ ಕೂತಿರಿ, ಬಾಯಿ ಬಿಡಬೇಡಿ. ಅವರು ಏನಾದರೂ ಕೇಳಿದರೆ ಅದು ರೀಡ್‌ಮಿಯಲ್ಲಿ ಇಲ್ಲ ಅಂತಾಯಿತು, ಅಲ್ವಾ? ಟೇಬಲ್ 3 ಅಂಕಿಗೆ ಅಂಕಿ ಹಾಗೇ ಬಂದರೆ ಮಾತ್ರ ಪೇಪರ್ ಕಳಿಸಿ.

ಆಮೇಲೆ ಇಡೀ ಫೋಲ್ಡರನ್ನು ಝೆನೋಡೋಗೆ ಏರಿಸಿ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನವರು ನಡೆಸುವ ಉಚಿತ ಭಂಡಾರ ಅದು. ಡಿಒಐ, ಅಂದರೆ ನಿಮ್ಮ ಡೇಟಾಗೆ ಒಂದು ಕಾಯಂ ಗುರುತು-ಸಂಖ್ಯೆ ಸಿಗುತ್ತದೆ, ಅದನ್ನು ಪೇಪರ್‌ನಲ್ಲಿ ಕೊಡಬಹುದು. ಅಲ್ಲಿ ಮಾತ್ರ ಮೂಲ ರಾ ಫೈಲ್ ಹಾಕಬೇಡಿ. ರೈತರ ಹೆಸರು, ಫೋನ್ ನಂಬರ್, ಸರ್ವೆ ನಂಬರ್ ತೆಗೆದ ಪ್ರತಿ ಹಾಕಿ. ಊರಿನ ಹೆಸರಿನ ಜೊತೆ ಸರ್ವೆ ನಂಬರ್ ಇದ್ದರೂ ಸಾಕು, ಕರ್ನಾಟಕ ಸರ್ಕಾರದ ಭೂಮಿ ಜಾಲತಾಣದಲ್ಲಿ ಪಹಣಿ ತೆಗೆದು ಜಮೀನು ಯಾರದು ಅಂತ ನೋಡಿಬಿಡಬಹುದು.