ಸೂರ್ಯಕಾಂತಿ ತೆನೆ ಕೊಳೆಯದಂತೆ ನೋಡಿಕೊಳ್ಳುವುದು ಹೇಗೆ

ಬೆಂಗಳೂರಲ್ಲಿ ಕೆಲಸ, ದೊಡ್ಡಬಳ್ಳಾಪುರದ ಕಡೆ ಹೊಲ ಅಂತ ವಾರಕ್ಕೊಮ್ಮೆ ಓಡಾಡುವವರು ನಮ್ಮಲ್ಲಿ ಜಾಸ್ತಿ ಅಲ್ವಾ? ಸೂರ್ಯಕಾಂತಿ ಹಾಕಿದ್ದರೆ, ಹೂ ಬಿಟ್ಟ ಮೇಲೆ ಮಳೆ ಹಿಡಿದುಕೊಂಡಾಗ ವಾರ ಕಾಯಬೇಡಿ. ಹೋಗಿ ತೆನೆಯ ಹಿಂಭಾಗ ನೋಡಿ. ಮುಂದಿನಿಂದ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಆದರೆ ಹಿಂದೆ ನೀರು ಹೀರಿದಂಥ ಕಂದು ಮಚ್ಚೆ ಇದ್ದು, ಒತ್ತಿದರೆ ಮೆತ್ತಗೆ ಒಳಗೆ ಹೋದರೆ ಅದು ತೆನೆ ಕೊಳೆ ರೋಗ.

ರೈಜೋಪಸ್ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಹಳೇ ಬ್ರೆಡ್ಡಿಗೆ ಬರುವ ಬೂಸ್ಟಿನ ಜಾತಿಯದೇ. ತೆನೆ ಸೀಳಿದರೆ ಬೂದು ಬಣ್ಣದ ಎಳೆಗಳು, ಅದರ ಮೇಲೆ ಗುಂಡುಸೂಜಿ ತಲೆಯಂಥ ಕಪ್ಪು ಚುಕ್ಕೆ. ಕಾಳು ಜೊಳ್ಳಾಗುತ್ತದೆ, ಎಣ್ಣೆ ಕಡಿಮೆ ಬರುತ್ತದೆ, ಬಂದದ್ದೂ ಕಹಿ. ವರ್ಷದ ದುಡಿಮೆ ಹೀಗೆ ಹೋದರೆ ಹೊಟ್ಟೆ ಉರಿಯುತ್ತದೆ.

ಇದು ಹೆಚ್ಚಾಗಿ ಗಾಯದಿಂದಲೇ ಒಳಗೆ ಹೋಗುತ್ತದೆ. ಗಿಳಿ ಕುಕ್ಕಿದ ಜಾಗ, ಹುಳು ಕೊರೆದ ತೂತು, ಆಲಿಕಲ್ಲು ಬಿದ್ದ ಗುರುತು. ಅದಕ್ಕೇ ಮೊದಲು ಹುಳು ಹತೋಟಿ ಮಾಡಿ, ಗಿಳಿ ಬಾರದಂತೆ ಕಾಯಿರಿ. ಮಳೆ ಬಿಟ್ಟು ಬಿಟ್ಟು ಬರುತ್ತಿದ್ದರೆ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಕಲಸಿ ತೆನೆಗೆ ಸರಿಯಾಗಿ ತಾಗುವಂತೆ ಹೊಡೆಯಿರಿ, ತೇವ ಹಾಗೇ ಇದ್ದರೆ 10 ದಿನ ಬಿಟ್ಟು ಇನ್ನೊಮ್ಮೆ. ಜೇನುಹುಳುಗಳಿಗೆ ತೊಂದರೆಯಾಗದಂತೆ ಸಂಜೆ ಹೊಡೆಯಿರಿ, ಅವು ಬಂದರೆ ತಾನೇ ಕಾಳು ಕಟ್ಟುವುದು?

ಕೊಳೆತ ತೆನೆ ಕಿತ್ತು ಸುಡಿ. ಹಿಂಭಾಗ ನಿಂಬೆ ಹಳದಿಗೆ ತಿರುಗಿದ ಕೂಡಲೇ ಕೊಯ್ದು ಒಣಗಿಸಿ. ಅನುಮಾನವಿದ್ದರೆ ಒಂದು ತೆನೆ ಕಾಗದದಲ್ಲಿ ಸುತ್ತಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ (ಜಿಕೆವಿಕೆ) ಒಯ್ದು ತೋರಿಸಿ. ಪ್ಲಾಸ್ಟಿಕ್ ಕವರ್ ಬೇಡ, ದಾರಿಯಲ್ಲೇ ಇನ್ನಷ್ಟು ಕೊಳೆಯುತ್ತದೆ.